ಟಿಎಸ್‌ಸಿ ಇರುವ ಮಗನಿಗೆ ಫಿಟ್ಸ್ ಮತ್ತೆ ಶುರುವಾಗಿದೆ. ಮಾತ್ರೆ, ಕೀಟೋ, ಆಪರೇಷನ್: ನೀವು ಹೇಗೆ ತೀರ್ಮಾನ ಮಾಡಿದಿರಿ?

ಚಿಂತಾಮಣಿ ಅಮ್ಮ · ಭಾನುವಾರ ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 2 ವರ್ಷ 8 ತಿಂಗಳು. ಟ್ಯೂಬರಸ್ ಸ್ಕ್ಲೆರೋಸಿಸ್ (ಟಿಎಸ್‌ಸಿ) ಇದೆ, ಮಿದುಳು, ಕಿಡ್ನಿ, ಹೃದಯದಲ್ಲಿ ಗಂಟು ಆಗುವ ಜೀನ್ ಕಾಯಿಲೆ. ಇವನಿಗೆ ಕೆಟ್ಟಿರುವುದು ಟಿಎಸ್‌ಸಿ2 ಅನ್ನುವ ಜೀನ್.

ಐದನೇ ತಿಂಗಳಲ್ಲಿ ನಿದ್ದೆಯಿಂದ ಎದ್ದ ಕೂಡಲೇ ತಲೆ ಮುಂದಕ್ಕೆ ಬಾಗಿಸಿ ಎರಡೂ ಕೈ ಚಾಚುತ್ತಿದ್ದ. ಒಂದರ ಹಿಂದೆ ಒಂದು, ಹತ್ತು ಹದಿನೈದು ಸಲ. ನಮ್ಮತ್ತೆ ಬಾಲಗ್ರಹ ಅಂದರು. ಇಲ್ಲಿಯ ಒಬ್ಬ ಡಾಕ್ಟರು ಹೊಟ್ಟೆನೋವು ಅಂದರು. ಮೂರು ವಾರ ಗ್ರೈಪ್ ವಾಟರ್ ಕುಡಿಸಿದೆ. ಆ ಮೂರು ವಾರ ನೆನೆಸಿಕೊಂಡರೆ ಈಗಲೂ ಕರುಳು ಕಿವುಚುತ್ತದೆ. ಆಮೇಲೆ ಬೆಂಗಳೂರಿಗೆ ಹೋದೆವು. ಇಇಜಿ (ತಲೆಗೆ ವೈರು ಅಂಟಿಸಿ ಮಿದುಳಿನ ವಿದ್ಯುತ್ ನೋಡುವ ಟೆಸ್ಟ್), ಎಂಆರ್‌ಐ ಮಾಡಿದರು. ಬೆನ್ನ ಮೇಲೆ ಹುಟ್ಟಿನಿಂದ ಇದ್ದ ಬಿಳಿ ಮಚ್ಚೆ ನೋಡಿ ಕಾಯಿಲೆ ಹೆಸರು ಹೇಳಿದರು. ವಿಗಾಬಟ್ರಿನ್ ಅನ್ನುವ ಫಿಟ್ಸ್ ಮದ್ದು ಕೊಟ್ಟ ಹತ್ತು ದಿನಕ್ಕೆ ಆ ಜರ್ಕ್ ನಿಂತಿತು.

ಒಂದೂವರೆ ವರ್ಷ ಚೆನ್ನಾಗಿದ್ದ. ನಡೆದ. ಅಮ್ಮ, ಬಾ, ಹಾಲು ಅಂದ. ಯುಗಾದಿ ಆದ ಮೇಲೆ ಬೇರೆ ಥರದ ಫಿಟ್ಸ್ ಶುರುವಾಯಿತು. ಆಡುತ್ತಿದ್ದವನು ತಟ್ಟನೆ ನಿಂತುಬಿಡುತ್ತಾನೆ. ಕಣ್ಣು ಬಲಕ್ಕೆ ಹೋಗುತ್ತದೆ, ಬಲಗೈ ಅದುರುತ್ತದೆ. ಅರ್ಧ ನಿಮಿಷ, ಒಮ್ಮೊಮ್ಮೆ ಒಂದು ನಿಮಿಷ. ದಿನಕ್ಕೆ ನಾಲ್ಕೈದು. ಲೆವೆಟಿರಾಸಿಟಮ್ ಸೇರಿಸಿದರು, ಸಿಟ್ಟು ಜಾಸ್ತಿಯಾಗಿ ನನ್ನನ್ನೇ ಕಚ್ಚುತ್ತಿದ್ದ. ಅದು ಬಿಡಿಸಿ ಆಕ್ಸ್‌ಕಾರ್ಬಜೆಪಿನ್ ಕೊಟ್ಟಿದ್ದಾರೆ. ಕಡಿಮೆ ಆಗಿದೆ, ನಿಂತಿಲ್ಲ. 'ಹಾಲು' ಅನ್ನುತ್ತಿದ್ದ, ಆ ಮಾತು ಹೋಗಿದೆ.

ಮೊನ್ನೆ ಡಾಕ್ಟರು ಮೂರು ದಾರಿ ಹೇಳಿದರು. ಎವರೋಲಿಮಸ್ ಅನ್ನುವ ಮಾತ್ರೆ, ಕೀಟೋ ಡಯಟ್ (ಅನ್ನ ಮುದ್ದೆ ಬಿಟ್ಟು ಕೊಬ್ಬೇ ಹೆಚ್ಚಿರುವ ಊಟ), ಇಲ್ಲವೇ ಆಪರೇಷನ್ ಆಗುತ್ತದಾ ಅಂತ ನೋಡುವ ಟೆಸ್ಟುಗಳು. "ಮನೆಯಲ್ಲಿ ಮಾತಾಡಿಕೊಂಡು ಬನ್ನಿ" ಅಂದರು. ನನಗೆ ಅಲ್ಲಿ ಒಂದು ಪ್ರಶ್ನೆಯೂ ಬಾಯಿಗೆ ಬರಲಿಲ್ಲ. ನನ್ನ ಯಜಮಾನರು ಟೊಮೆಟೊ ಮಂಡಿಯಲ್ಲಿ ಕೆಲಸ, ಬೆಳಗಿನ ಜಾವವೇ ಹೋಗಬೇಕು. ಅತ್ತೆ "ತಲೆ ಕೊಯ್ಯೋದು ಬೇಡವೇ ಬೇಡ" ಅಂತ ಅಳುತ್ತಾರೆ. ನೀವೆಲ್ಲ ಹೇಗೆ ತೀರ್ಮಾನ ಮಾಡಿದಿರಿ?

ಮಾಲೂರು ಮನೆ · ಭಾನುವಾರ ರಾತ್ರಿ 11:05

ಮೂರು ವಾರದ ಬಗ್ಗೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ ಅಕ್ಕ. ನಮ್ಮದು ಎರಡೂವರೆ ತಿಂಗಳು ಹೋಯಿತು. ಬರೆ ಹಾಕಿಸಿ ಅಂದವರೂ ಇದ್ದರು.

ರೇಷ್ಮೆಗೂಡು, ಶಿಡ್ಲಘಟ್ಟ · ಭಾನುವಾರ ರಾತ್ರಿ 11:20

ನನ್ನ ಮಗಳಿಗೆ 7 ವರ್ಷ. ಎರಡು ವರ್ಷದಿಂದ ಎವರೋಲಿಮಸ್ ತಗೊಳ್ಳುತ್ತಿದ್ದಾಳೆ.

ಮೊದಲು ನಡೆದದ್ದು ಹೇಳುತ್ತೇನೆ. ಮೆಡಿಕಲ್ ಸ್ಟೋರಿನವನು ಚೀಟಿ ನೋಡಿ "ಇದು ಕ್ಯಾನ್ಸರ್ ಮದ್ದಲ್ವಾ?" ಅಂದ. ನನ್ನ ಹೆಂಡತಿ ಅಲ್ಲೇ ಕುಸಿದು ಕುಳಿತಳು. ಹೌದು, ಅದನ್ನು ಕ್ಯಾನ್ಸರಿಗೂ ಕೊಡುತ್ತಾರೆ, ಕಿಡ್ನಿ ಕಸಿ ಮಾಡಿದವರಿಗೂ ಕೊಡುತ್ತಾರೆ. ನಮ್ಮ ಮಕ್ಕಳಿಗೆ ಕ್ಯಾನ್ಸರ್ ಇದೆ ಅಂತ ಅರ್ಥ ಅಲ್ಲ. ಡಾಕ್ಟರು ಇದನ್ನು ಮೊದಲೇ ಹೇಳಿದ್ದರೆ ಆ ಸಂಕಟ ತಪ್ಪುತ್ತಿತ್ತು. ನೀವಾದರೂ ಮೊದಲೇ ತಿಳಿದುಕೊಂಡಿರಿ.

ಕೆಲಸ ಮಾಡಿತಾ? ಮಾಡಿತು, ನಿಧಾನವಾಗಿ. ಮೊದಲ ಎರಡು ತಿಂಗಳು ಏನೂ ಗೊತ್ತಾಗಲಿಲ್ಲ. ಬಾಯಿ ತುಂಬ ಹುಣ್ಣು ಬಂತು, ಅನ್ನ ಬಾಯಿಗೆ ಇಟ್ಟರೆ ಅಳುತ್ತಿದ್ದಳು. ಮದ್ದು ಸ್ವಲ್ಪ ದಿನ ನಿಲ್ಲಿಸಿ, ಕಡಿಮೆ ಮಾಡಿ, ಮತ್ತೆ ಏರಿಸಿದರು. ಆರನೇ ತಿಂಗಳಿಗೆ ದಿನಕ್ಕೆ ಎಂಟಿದ್ದ ಫಿಟ್ಸ್ ಎರಡಕ್ಕೆ ಇಳಿಯಿತು. ಈಗ ವಾರಕ್ಕೆ ಎರಡು ಮೂರು. ಪೂರ್ತಿ ನಿಂತಿಲ್ಲ. ಆದರೆ ಶಾಲೆಗೆ ಹೋಗುತ್ತಾಳೆ.

ರಕ್ತದಲ್ಲಿ ಮದ್ದಿನ ಮಟ್ಟ ನೋಡಿಸಬೇಕು, ಕೊಲೆಸ್ಟ್ರಾಲ್ ನೋಡಿಸಬೇಕು. ಖರ್ಚು ಇದೆ. ಕಂಪನಿ ಬೇರೆಯಾದರೆ ಬೆಲೆಯಲ್ಲಿ ತುಂಬ ವ್ಯತ್ಯಾಸ ಇದೆ, ಡಾಕ್ಟರ ಹತ್ತಿರ ಕೇಳಿ ಬರೆಸಿಕೊಳ್ಳಿ. ಸುಮ್ನೆ ಅಂಗಡಿಯಲ್ಲಿ ಬದಲಾಯಿಸಬೇಡಿ.

ಗುಬ್ಬಿ ಮೇಷ್ಟ್ರು · ಸೋಮವಾರ ಬೆಳಿಗ್ಗೆ 6:10

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು. ಮೊಮ್ಮಗನಿಗೆ ಈ ಕಾಯಿಲೆ. ಅದು ಬಂದ ಮೇಲೆ ನಾನು ಮತ್ತೆ ವಿದ್ಯಾರ್ಥಿಯಾದೆ.

ತಾಯಿ, ಈ ಮದ್ದು ಯಾಕೆ ಕೊಡುತ್ತಾರೆ ಅಂತ ಗೊತ್ತಾದರೆ ಭಯ ಸ್ವಲ್ಪ ಕಡಿಮೆ ಆಗುತ್ತದೆ. ನಮ್ಮ ಜೀವಕೋಶಗಳಲ್ಲಿ ಎಂಟಾರ್ ಅಂತ ಒಂದು ಪ್ರೋಟೀನ್ ಇದೆ. ಬೆಳೆ ಅಂತ ಹೇಳುವುದು ಅದರ ಕೆಲಸ. ಟಿಎಸ್‌ಸಿ1, ಟಿಎಸ್‌ಸಿ2 ಅನ್ನುವ ಎರಡು ಜೀನ್‌ಗಳು ಅದನ್ನು ಹಿಡಿದು ನಿಲ್ಲಿಸುತ್ತವೆ. ಒಂದು ಇರುವುದು 9ನೇ ಕ್ರೋಮೋಸೋಮಿನಲ್ಲಿ, ಇನ್ನೊಂದು 16ನೇದರಲ್ಲಿ. ಎರಡರಲ್ಲಿ ಒಂದು ಕೆಟ್ಟರೂ ಎಂಟಾರ್‌ಗೆ ತಡೆ ಇಲ್ಲ. ಮಿದುಳಲ್ಲಿ ಟ್ಯೂಬರ್ ಅನ್ನುವ ಗಂಟು, ಕಿಡ್ನಿಯಲ್ಲಿ ಗಡ್ಡೆ, ಹೃದಯದಲ್ಲಿ ಗಂಟು ಆಗುವುದು ಹೀಗೆ. ಎವರೋಲಿಮಸ್ ಆ ಎಂಟಾರನ್ನೇ ತಗ್ಗಿಸುತ್ತದೆ. ಬೇರೆ ಫಿಟ್ಸ್ ಮಾತ್ರೆಗಳು ಮಿದುಳಿನ ವಿದ್ಯುತ್ತನ್ನು ಅಡಗಿಸುತ್ತವೆ, ಇದು ಬೇರಿನ ಹತ್ತಿರ ಹೋಗುತ್ತದೆ.

ಇದರ ತಾಯಿಮದ್ದು ರಾಪಾಮೈಸಿನ್. 1964ರಲ್ಲಿ ಈಸ್ಟರ್ ದ್ವೀಪದಿಂದ ತಂದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು. ಹಿಡಿ ಮಣ್ಣಿನಿಂದ ಬಂದ ಮದ್ದು ನಮ್ಮ ಮಕ್ಕಳವರೆಗೆ ಬಂದಿದೆ ಅಂದರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಆದರೆ ಅಂಕಿನೂ ಹೇಳಬೇಕು. 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ 366 ಜನ ಇದ್ದರು. ಫಿಟ್ಸ್ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಇಳಿದವರು, ರಕ್ತದಲ್ಲಿ ಮದ್ದಿನ ಮಟ್ಟ ಹೆಚ್ಚು ಇಟ್ಟವರಲ್ಲಿ 100ಕ್ಕೆ 40. ಕಡಿಮೆ ಮಟ್ಟದವರಲ್ಲಿ 28. ಖಾಲಿ ಮಾತ್ರೆ ಕೊಟ್ಟವರಲ್ಲಿ 15. ಅಂದರೆ ಕೆಲಸ ಮಾಡುತ್ತದೆ, ಎಲ್ಲರಿಗೂ ಅಲ್ಲ.

ಪಾವಗಡ ಬಿಸಿಲು · ಸೋಮವಾರ ಬೆಳಿಗ್ಗೆ 8:30

ಒಂದು ಕೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ವಿಗಾಬಟ್ರಿನ್ ಕೊಟ್ಟರೆ ಕಣ್ಣು ಹೋಗುತ್ತದೆ ಅಲ್ವಾ? ಎರಡು ವರ್ಷದಿಂದ ಕೊಡುತ್ತಿದ್ದೀರಿ. ನಾವು ಅದೇ ಭಯಕ್ಕೆ ಬೇಡ ಅಂದೆವು.

ಕೋಲಾರದ ಸಿಸ್ಟರ್ · ಸೋಮವಾರ ಬೆಳಿಗ್ಗೆ 9:15

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಪಾವಗಡದ ಅಣ್ಣ, "ಕಣ್ಣು ಹೋಗುತ್ತದೆ" ಅನ್ನುವುದು ಸರಿಯಲ್ಲ. ಬದಿಯ ನೋಟ ಕುಗ್ಗಬಹುದು. ನೇರ ನೋಟ ಸಾಮಾನ್ಯವಾಗಿ ಉಳಿಯುತ್ತದೆ. ಎಲ್ಲರಿಗೂ ಆಗುವುದಿಲ್ಲ. ಮದ್ದು ಕೊಟ್ಟ ದಿನಗಳು ಹೆಚ್ಚಾದಷ್ಟು, ಒಟ್ಟು ಪ್ರಮಾಣ ಹೆಚ್ಚಾದಷ್ಟು ಅಪಾಯ ಜಾಸ್ತಿ. ಕುಗ್ಗಿದ್ದು ಮತ್ತೆ ಬರುವುದಿಲ್ಲ, ಅದು ನಿಜ.

ಆದರೆ ಇನ್ನೊಂದು ಕಡೆ ನೋಡಿ. ಐದಾರು ತಿಂಗಳ ಕೂಸಿಗೆ ಒಂದರ ಹಿಂದೆ ಒಂದು ಬರುವ ಆ ಜರ್ಕ್‌ಗೆ ಸ್ಪಾಸಂ ಅನ್ನುತ್ತಾರೆ, ಅದನ್ನು ನಿಲ್ಲಿಸದೆ ಬಿಟ್ಟರೆ ಬುದ್ಧಿ ಬೆಳವಣಿಗೆಗೇ ಪೆಟ್ಟು. ಟಿಎಸ್‌ಸಿ ಮಕ್ಕಳ ಸ್ಪಾಸಂಗೆ ಮೊದಲ ಮದ್ದು ವಿಗಾಬಟ್ರಿನ್ನೇ. ಅದು ಕೇಳದಿದ್ದರೆ ಎಸಿಟಿಎಚ್ ಅನ್ನುವ ಹಾರ್ಮೋನ್ ಸೂಜಿ ಅಥವಾ ಸ್ಟೀರಾಯ್ಡ್. ವಿಗಾಬಟ್ರಿನ್ ಕೊಡಬೇಕಾ ಅನ್ನುವುದು ಕಣ್ಣಿನ ಬದಿಯ ನೋಟ ಮತ್ತು ಇಡೀ ಮಿದುಳಿನ ನಡುವಿನ ಲೆಕ್ಕ.

ಚಿಂತಾಮಣಿ ಅಕ್ಕ, ನೀವು ಕೇಳಬೇಕಾದ್ದು ಬೇರೆ. ಸ್ಪಾಸಂ ನಿಂತು ಎರಡು ವರ್ಷ ಆಯಿತು. ಈಗಿನ ಫಿಟ್ಸ್‌ಗೆ ವಿಗಾಬಟ್ರಿನ್ ಇನ್ನೂ ಬೇಕಾ, ನಿಧಾನವಾಗಿ ಇಳಿಸಬಹುದಾ ಅಂತ ಕೇಳಿ. ಕಣ್ಣಿನ ಟೆಸ್ಟ್ ಯಾವಾಗ ಮಾಡಿಸಿದ್ದು? ನೀವಾಗಿ ಮಾತ್ರ ಒಂದು ಹೊತ್ತೂ ನಿಲ್ಲಿಸಬೇಡಿ. ದಿಢೀರ್ ಬಿಟ್ಟರೆ ನಿಲ್ಲದ ಫಿಟ್ಸ್ ಬರಬಹುದು.

ಪಾವಗಡ ಬಿಸಿಲು · ಸೋಮವಾರ ಬೆಳಿಗ್ಗೆ 9:40

ಸಿಸ್ಟರ್, ನಮಗೆ ಯಾರೂ ಹೀಗೆ ಬಿಡಿಸಿ ಹೇಳಲಿಲ್ಲ. ಒಂದು ಹಾಳೆ ಕೊಟ್ಟು ಸಹಿ ಹಾಕಿ ಅಂದರು. ಸಹಿ ಹಾಕು ಅಂದರೆ ಭಯ ಆಗದೆ ಇರುತ್ತದಾ? ನಮ್ಮ ಮಗಳಿಗೆ ಈಗ 4 ವರ್ಷ. ಮಾತಿಲ್ಲ. ಅವತ್ತು ಹೂಂ ಅಂದಿದ್ದರೆ ಅಂತ ದಿನಾ ಅಂದುಕೊಳ್ಳುತ್ತೇನೆ.

ಕೋಲಾರದ ಸಿಸ್ಟರ್ · ಸೋಮವಾರ ಬೆಳಿಗ್ಗೆ 9:52

ಅಣ್ಣ, ಮದ್ದು ಕೊಟ್ಟಿದ್ದರೂ ಮಾತು ಬರುತ್ತಿತ್ತು ಅಂತ ಯಾರೂ ಹೇಳಲಾರರು. ಟಿಎಸ್‌ಸಿ ಇರುವ ಮಕ್ಕಳಲ್ಲಿ ಆಟಿಸಂ ತುಂಬ ಸಾಮಾನ್ಯ. ಸ್ಪೀಚ್ ಥೆರಪಿ ನಡೆಯುತ್ತಿದೆಯಾ? ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆ ನೋಡುವ ಡಿಇಐಸಿ ಕೇಂದ್ರ ಇದೆ. ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ತಂಡದವರನ್ನು ಕೇಳಿದರೆ ಕಳಿಸಿಕೊಡುತ್ತಾರೆ. ಈಗಲೂ ತಡವಾಗಿಲ್ಲ.

ಶ್ರೀನಿವಾಸಪುರ ಮಾವು · ಸೋಮವಾರ ಮಧ್ಯಾಹ್ನ 1:30

ಕೀಟೋ ಬಗ್ಗೆ ನಾನು ಹೇಳುತ್ತೇನೆ, ಮಗನಿಗೆ ಒಂದು ವರ್ಷ ಎಂಟು ತಿಂಗಳು ಮಾಡಿದ್ದೇನೆ.

ಇದು ತೂಕ ಇಳಿಸುವವರ ಕೀಟೋ ಅಲ್ಲ. ನಾಲ್ಕು ಗ್ರಾಂ ಕೊಬ್ಬಿಗೆ, ಹಿಟ್ಟಿನ ಅಂಶ ಮತ್ತು ಪ್ರೋಟೀನ್ ಎರಡೂ ಸೇರಿ ಒಂದು ಗ್ರಾಂ. ಪ್ರತಿ ತುತ್ತು ತೂಕ ಮಾಡಬೇಕು. ಅಡುಗೆಮನೆಯಲ್ಲಿ ಗ್ರಾಂ ತಕ್ಕಡಿ ಇಟ್ಟೆ. ಮುದ್ದೆ ಇಲ್ಲ, ಅನ್ನ ಇಲ್ಲ, ಬೆಲ್ಲ ಇಲ್ಲ, ಬಾಳೆಹಣ್ಣು ಇಲ್ಲ. ಬೆಣ್ಣೆ, ಕೆನೆ, ಕೊಬ್ಬರಿ ಎಣ್ಣೆ, ಮೊಟ್ಟೆ, ಪನೀರ್, ಸ್ವಲ್ಪ ಸೊಪ್ಪು. ಅದಕ್ಕೆ ಮೊದಲು ಆಸ್ಪತ್ರೆಯಲ್ಲಿ ಸೇರಿಸಿಕೊಂಡು, ಕೊಬ್ಬು ಅರಗಿಸುವುದರಲ್ಲಿ ಹುಟ್ಟು ತೊಂದರೆ ಇಲ್ಲ ಅಂತ ರಕ್ತ ಪರೀಕ್ಷೆ ಮಾಡಿದ ಮೇಲೇ ಶುರು ಮಾಡಿದ್ದು. ಮನೆಯಲ್ಲಿ ನಾವೇ ಶುರು ಮಾಡುವಂಥದ್ದಲ್ಲ.

ನನಗೆ ಯಾರೂ ಹೇಳದೆ ಇದ್ದ ವಿಷಯ: ಸಿರಪ್ಪಿನಲ್ಲಿ ಸಕ್ಕರೆ ಇರುತ್ತದೆ! ಹದಿನೈದು ದಿನ ಮೂತ್ರದಲ್ಲಿ ಕೀಟೋನ್ (ಮೈ ಕೊಬ್ಬನ್ನು ಉರಿಸುವಾಗ ಬರುವ ಅಂಶ) ಸರಿಯಾಗಿ ಬರಲೇ ಇಲ್ಲ. ಫಿಟ್ಸ್ ಸಿರಪ್, ಕೆಮ್ಮಿನ ಸಿರಪ್ ಎರಡನ್ನೂ ಮಾತ್ರೆಗೆ ಬದಲಾಯಿಸಿದ ಮೇಲೆ ಸರಿಯಾಯಿತು.

ಮಾವಿನ ಕಾಲ ಬಂದಾಗ ನನ್ನ ಪ್ರಾಣ ಹೋಯಿತು. ನಮ್ಮದು ಮಾವಿನ ತೋಟದ ಮನೆ. ಅಂಗಳದ ತುಂಬ ಹಣ್ಣು, ಮನೆ ತುಂಬ ವಾಸನೆ. ಮಗ ತೋರಿಸಿ ತೋರಿಸಿ ಅಳುತ್ತಾನೆ. ನಾನು ಅವನನ್ನು ಎತ್ತಿಕೊಂಡು ಎರಡು ತಿಂಗಳು ತವರಿಗೆ ಹೋದೆ. ಒಂದು ದಿನ ನಮ್ಮ ಮಾವ ಪ್ರೀತಿಗೆ ಒಂದು ಹೋಳು ಕೊಟ್ಟರು. ಸಂಜೆಗೆ ಫಿಟ್ಸ್. ಅವರೂ ಅತ್ತರು.

ಆದರೆ ಅವನಿಗೆ ಕೆಲಸ ಮಾಡಿತು. ದಿನಕ್ಕೆ ಹತ್ತಾಗುತ್ತಿದ್ದದ್ದು ತಿಂಗಳಿಗೆ ಎರಡು. ಕಣ್ಣಲ್ಲಿ ಕಳೆ ಬಂತು. ಮಲಬದ್ಧತೆ ಇತ್ತು, ಒಮ್ಮೆ ಕಿಡ್ನಿ ಕಲ್ಲಿನ ಸೂಚನೆ ಬಂದು ನೀರು ಜಾಸ್ತಿ ಕುಡಿಸಿ ಅಂದರು. ನಮ್ಮ ಮಕ್ಕಳಿಗೆ ಕಿಡ್ನಿ ಮೊದಲೇ ಸೂಕ್ಷ್ಮ, ಸ್ಕ್ಯಾನ್ ತಪ್ಪಿಸಬೇಡಿ.

ತಿಪಟೂರು ಕಲ್ಪತರು · ಸೋಮವಾರ ಮಧ್ಯಾಹ್ನ 2:10

ಕೊಬ್ಬರಿ ಎಣ್ಣೆ ಬೇಕಾದರೆ ಹೇಳಿ ಅಕ್ಕ, ಗಾಣದ್ದು ಕಳಿಸುತ್ತೇನೆ. ದುಡ್ಡು ಬೇಡ.

ಶ್ರೀನಿವಾಸಪುರ ಮಾವು · ಸೋಮವಾರ ಮಧ್ಯಾಹ್ನ 2:25

ಈಗ ನಿಲ್ಲಿಸಿದ್ದೇವೆ ಅಣ್ಣ, ನಿಧಾನಕ್ಕೆ ಮಾಮೂಲಿ ಊಟಕ್ಕೆ ಬಂದ. ಈ ವರ್ಷ ಮಾವು ತಿಂದ. ತುಂಬ ಥ್ಯಾಂಕ್ಸ್.

ರೇಷ್ಮೆಗೂಡು, ಶಿಡ್ಲಘಟ್ಟ · ಸೋಮವಾರ ಮಧ್ಯಾಹ್ನ 2:40

ನಾವು ಕೀಟೋ ಆರು ವಾರಕ್ಕೇ ಬಿಟ್ಟೆವು. ಇಬ್ಬರೂ ದುಡಿಯುವ ಮನೆಯಲ್ಲಿ ಆಗುವುದಿಲ್ಲ. ರೀಲಿಂಗ್ ಘಟಕದಲ್ಲಿ ಬೆಳಿಗ್ಗೆಯಿಂದ ನಿಂತು ಬಂದು ಗ್ರಾಂ ಲೆಕ್ಕ ಹಾಕಿ ಅಂದರೆ ಯಾರ ಕೈಲಿ ಆಗುತ್ತದೆ?

ಶ್ರೀನಿವಾಸಪುರ ಮಾವು · ಸೋಮವಾರ ಮಧ್ಯಾಹ್ನ 3:00

ಆರು ವಾರಕ್ಕೆ ಬಿಟ್ಟರೆ ಗೊತ್ತಾಗುವುದಿಲ್ಲ ಅಣ್ಣ, ಮೂರು ತಿಂಗಳು ನೋಡಿ ಅನ್ನುತ್ತಾರೆ. ಆದರೆ ನೀವು ಹೇಳುವುದೂ ನಿಜ. ನಮ್ಮ ಮನೆಯಲ್ಲಿ ಅತ್ತೆ ಬೆಂಬಲಕ್ಕೆ ಇದ್ದರು. ಅಷ್ಟು ಕಟ್ಟುನಿಟ್ಟು ಆಗದವರಿಗೆ ಮಾಡಿಫೈಡ್ ಅಟ್ಕಿನ್ಸ್ ಅಂತ ಇನ್ನೊಂದಿದೆ. ಹಿಟ್ಟಿನ ಅಂಶ ಮಾತ್ರ ದಿನಕ್ಕೆ 10ರಿಂದ 20 ಗ್ರಾಂ ಒಳಗೆ ಇಡಬೇಕು, ಪ್ರತಿಯೊಂದನ್ನೂ ತೂಗಬೇಕಿಲ್ಲ. ಅದನ್ನು ಕೇಳಿ ನೋಡಿ.

ಪಾವಗಡ ಬಿಸಿಲು · ಸೋಮವಾರ ಸಂಜೆ 6:00

ಗಾಂಜಾ ಎಣ್ಣೆ ಕೆಲಸ ಮಾಡುತ್ತದೆ ಅಂತ ಅಮೆರಿಕದಲ್ಲೇ ಒಪ್ಪಿದ್ದಾರಂತೆ. ಇಲ್ಲಿ ಆಯುರ್ವೇದದ ಹೆಸರಲ್ಲಿ 'ವಿಜಯಾ' ಎಣ್ಣೆ ಸಿಗುತ್ತದೆ. ನನ್ನ ಭಾವಮೈದ ತರಿಸಿಕೊಡುತ್ತೇನೆ ಅಂತಿದ್ದಾನೆ. ಯಾರಾದರೂ ಕೊಟ್ಟಿದ್ದೀರಾ?

ಗುಬ್ಬಿ ಮೇಷ್ಟ್ರು · ಸೋಮವಾರ ಸಂಜೆ 6:45

ಎರಡೂ ಒಂದೇ ಅಲ್ಲ. ಅಮೆರಿಕದಲ್ಲಿ 2020ರಲ್ಲಿ ಟಿಎಸ್‌ಸಿ ಫಿಟ್ಸ್‌ಗೆ ಒಪ್ಪಿದ್ದು ಗಾಂಜಾ ಗಿಡದಿಂದ ತೆಗೆದು ಶುದ್ಧ ಮಾಡಿದ ಕ್ಯಾನಬಿಡಯಾಲ್. ಅದರಲ್ಲಿ ಅಮಲು ಬರಿಸುವ ಟಿಎಚ್‌ಸಿ ಅಂಶವನ್ನು ತೆಗೆದಿರುತ್ತಾರೆ. ಮಗುವಿನ ತೂಕಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ, ಲಿವರ್ ಟೆಸ್ಟ್ ಮಾಡುತ್ತಾ ಹೋಗುತ್ತಾರೆ. ನಿಮ್ಮ ಭಾವಮೈದ ತರುವ ಬಾಟಲಿಯಲ್ಲಿ ಯಾವುದು ಎಷ್ಟಿದೆ ಅಂತ ಯಾರು ಹೇಳುತ್ತಾರೆ?

ಕೋಲಾರದ ಸಿಸ್ಟರ್ · ಸೋಮವಾರ ಸಂಜೆ 7:05

ಮೇಷ್ಟ್ರು ಹೇಳಿದ್ದು ಸರಿ. ಕ್ಯಾನಬಿಡಯಾಲ್ ಬೇರೆ ಫಿಟ್ಸ್ ಮದ್ದುಗಳ ಜೊತೆಗೂ ತಾಗುತ್ತದೆ. ಕ್ಲೋಬಜಾಮ್ ಜೊತೆ ಕೊಟ್ಟರೆ ಮಗು ವಿಪರೀತ ನಿದ್ದೆ ಹೋಗುತ್ತದೆ. ವಾಲ್‌ಪ್ರೋಯೇಟ್ ಜೊತೆ ಲಿವರಿಗೆ ತೊಂದರೆ ಜಾಸ್ತಿ. ಎವರೋಲಿಮಸ್ ಮಟ್ಟ ಏರುತ್ತದೆ. ಅಣ್ಣ, ಡಾಕ್ಟರಿಗೆ ಹೇಳದೆ ಕೊಡಬೇಡಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ತಿಪಟೂರು ಕಲ್ಪತರು · ಸೋಮವಾರ ರಾತ್ರಿ 9:20

ಈಗ ಆಪರೇಷನ್ ವಿಷಯ. ನನ್ನ ಮಗಳಿಗೆ ಈಗ 9. ನಾಲ್ಕನೇ ವರ್ಷದಲ್ಲಿ ಆಯಿತು.

ನಮಗೂ ಮೊದಲು ಒಬ್ಬರು ಹೇಳಿದ್ದು, "ತಲೆ ತುಂಬ ಟ್ಯೂಬರ್ ಇವೆ, ಇಂಥ ಮಕ್ಕಳಿಗೆ ಆಪರೇಷನ್ ಆಗಲ್ಲ" ಅಂತ. ಅದನ್ನೇ ನಂಬಿಕೊಂಡು ಒಂದು ವರ್ಷ ಕಳೆದೆವು. ಆಮೇಲೆ ಇನ್ನೊಬ್ಬರು ಡಾಕ್ಟರು ಹೇಳಿದರು: ಟ್ಯೂಬರ್ ಹದಿನೈದು ಇರಬಹುದು, ಫಿಟ್ಸ್ ಹುಟ್ಟಿಸುವುದು ಒಂದೇ ಇರಬಹುದು. ಅದು ಯಾವುದು ಅಂತ ಹುಡುಕುವುದಕ್ಕೇ ಟೆಸ್ಟ್.

ಐದು ದಿನ ವಿಡಿಯೋ ಇಇಜಿ. ತಲೆ ತುಂಬ ವೈರು, ಮೇಲೆ ಕ್ಯಾಮೆರಾ. ಮದ್ದು ಕಡಿಮೆ ಮಾಡಿ ಫಿಟ್ಸ್ ಬರಲಿ ಅಂತ ಕಾಯುತ್ತಾರೆ. ತಂದೆಯಾದವನು ಮಗಳಿಗೆ ಫಿಟ್ಸ್ ಬರಲಿ ಅಂತ ಕಾಯುವುದು ಎಂಥ ಸ್ಥಿತಿ ಅಂತ ಹೇಳಲಾರೆ. ಜೊತೆಗೆ ಎಂಆರ್‌ಐ, ಪೆಟ್ ಸ್ಕ್ಯಾನ್. ಎಲ್ಲ ಒಂದೇ ಜಾಗ ತೋರಿಸಿತು, ಬಲಗಡೆ. ತೆಗೆದರು. ಎಡಗೈ ಎರಡು ತಿಂಗಳು ಸೊರಗಿತ್ತು, ಫಿಸಿಯೋಥೆರಪಿಯಿಂದ ಬಂತು. ಐದು ವರ್ಷದಲ್ಲಿ ಎರಡು ಸಲ ಮಾತ್ರ ಫಿಟ್ಸ್, ಎರಡೂ ಜ್ವರ ಬಂದಾಗ. ಮಾತ್ರೆ ಒಂದು ಇನ್ನೂ ನಡೆಯುತ್ತಿದೆ.

ಎಲ್ಲರಿಗೂ ಹೀಗೆ ಆಗುತ್ತದೆ ಅನ್ನುವುದಿಲ್ಲ. ನಮ್ಮ ಪಕ್ಕದ ಹಾಸಿಗೆಯ ಹುಡುಗನಿಗೆ ಟೆಸ್ಟ್ ಎಲ್ಲ ಆದ ಮೇಲೆ "ಎರಡೂ ಕಡೆಯಿಂದ ಬರುತ್ತಿದೆ, ಆಗಲ್ಲ" ಅಂದರು. ಅವರಿಗೆ ಎದೆಯ ಹತ್ತಿರ ಯಂತ್ರ ಇಟ್ಟು ಕುತ್ತಿಗೆಯ ವೇಗಸ್ ನರಕ್ಕೆ ಕರೆಂಟು ಕೊಡುವ ದಾರಿ ಹೇಳಿದರು.

ಚಿಂತಾಮಣಿ ತಂಗಿ, ನಿಮ್ಮತ್ತೆಗೆ ಒಂದು ಮಾತು ಹೇಳಿ. ಟೆಸ್ಟ್ ಮಾಡಿಸಿದರೆ ಆಪರೇಷನ್‌ಗೆ ಒಪ್ಪಿದ ಹಾಗಲ್ಲ. ಟೆಸ್ಟ್ ಆದ ಮೇಲೂ ಬೇಡ ಅನ್ನಬಹುದು. ಆದರೆ ಟೆಸ್ಟೇ ಮಾಡಿಸದಿದ್ದರೆ ಆ ದಾರಿ ಇದೆಯೋ ಇಲ್ಲವೋ ಅನ್ನುವುದೇ ಗೊತ್ತಾಗುವುದಿಲ್ಲ. ನಿಮಗೆ ಮೂರರಲ್ಲಿ ಒಂದನ್ನು ಆರಿಸಿ ಅಂತ ಕೇಳಿಸಿದೆ. ಅದು ಹಾಗಲ್ಲ ಅಂತ ನನಗೆ ಅನ್ನಿಸುತ್ತದೆ. ಟೆಸ್ಟ್ ನಡೆಯುತ್ತಿರುವಾಗಲೇ ಮಾತ್ರೆಯೋ ಡಯಟ್ಟೋ ಶುರು ಮಾಡಬಹುದಾ ಅಂತ ಕೇಳಿ.

ಮಾಲೂರು ಮನೆ · ಸೋಮವಾರ ರಾತ್ರಿ 9:35

ಆದರೆ ಅಣ್ಣ, ಮದ್ದುಗಳನ್ನೆಲ್ಲ ನೋಡಿ ಕೊನೆಗೆ ತಾನೇ ಆಪರೇಷನ್? ಮಗು ಇನ್ನೂ ಚಿಕ್ಕದು.

ತಿಪಟೂರು ಕಲ್ಪತರು · ಸೋಮವಾರ ರಾತ್ರಿ 9:50

ನಾನೂ ಹಾಗೇ ಅಂದುಕೊಂಡಿದ್ದೆ. ಸರಿಯಾದ ಎರಡು ಮದ್ದು ಸರಿಯಾದ ಪ್ರಮಾಣದಲ್ಲಿ ಕೊಟ್ಟೂ ನಿಲ್ಲದಿದ್ದರೆ ಅದನ್ನು ಮದ್ದಿಗೆ ಬಗ್ಗದ ಫಿಟ್ಸ್ ಅನ್ನುತ್ತಾರೆ. ಆಗಲೇ ಆಪರೇಷನ್ ಟೆಸ್ಟಿಗೆ ಕಳಿಸಬೇಕು, ಹತ್ತು ಮದ್ದು ಮುಗಿಸಿದ ಮೇಲಲ್ಲ. ಅದರಲ್ಲೂ ಬಂದ ಮಾತು ಹೋಗುತ್ತಿದ್ದರೆ ತಡ ಮಾಡಬಾರದು. ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ, ದೆಹಲಿಯ ಏಮ್ಸ್ ಇಲ್ಲೆಲ್ಲ ಎಪಿಲೆಪ್ಸಿ ಸರ್ಜರಿ ನಡೆಯುತ್ತದೆ. ಸರದಿ ಉದ್ದ ಇರುತ್ತದೆ. ಅದಕ್ಕೇ ಬೇಗ ಹೆಸರು ಬರೆಸಿ.

ಕುಣಿಗಲ್ ಹುಡುಗಿ · ಸೋಮವಾರ ರಾತ್ರಿ 11:30

ಎಲ್ಲ ಓದಿದೆ. ನನಗೆ 23 ವರ್ಷ. ನನಗೇ ಟಿಎಸ್‌ಸಿ ಇದೆ. ಬಿಕಾಂ ಮುಗಿಸಿದ್ದೇನೆ. ಫಿಟ್ಸ್ ಈಗ ವರ್ಷಕ್ಕೆ ಒಂದೆರಡು.

ಚಿಕ್ಕವಳಿದ್ದಾಗ ಎಲ್ಲರೂ ನನ್ನ ತಲೆ ಮೇಲಿಂದ ಮಾತಾಡುತ್ತಿದ್ದರು. ಅಪ್ಪ, ಅಮ್ಮ, ಡಾಕ್ಟರು. ಟೋಪಿರಾಮೇಟ್ ಅನ್ನುವ ಫಿಟ್ಸ್ ಮಾತ್ರೆ ತಗೊಂಡಾಗ ನನಗೆ ಪದ ನೆನಪಾಗುತ್ತಿರಲಿಲ್ಲ. ಟೀಚರ್ ಕೇಳಿದರೆ ಉತ್ತರ ಗೊತ್ತು, ಬಾಯಿಗೆ ಬರುವುದಿಲ್ಲ. "ಫಿಟ್ಸ್ ಕಡಿಮೆ ಆಗಿದೆಯಲ್ಲ, ಸಾಕು" ಅಂದರು. ನನಗೆ ಸಾಕಾಗಿರಲಿಲ್ಲ. ಎಷ್ಟು ಫಿಟ್ಸ್ ಬಂತು ಅಂತ ಬರೆಯುವ ಪುಸ್ತಕದಲ್ಲಿ ಮಗು ಇವತ್ತು ನಕ್ಕಿತಾ, ಆಡಿತಾ, ತಿಂದಿತಾ ಅಂತಾನೂ ಬರೆಯಿರಿ. ಡಾಕ್ಟರಿಗೆ ಅದನ್ನೂ ತೋರಿಸಿ.

ಮುಖದ ಗುಳ್ಳೆಗೆ ಮೊಡವೆ ಕ್ರೀಮ್ ಹಚ್ಚಿ ಹಚ್ಚಿ ನನ್ನ ಕೆನ್ನೆ ಸುಟ್ಟುಹೋಗಿತ್ತು. ಅದು ಮೊಡವೆ ಅಲ್ಲ, ಈ ಕಾಯಿಲೆಯದೇ. ಸಿರೋಲಿಮಸ್ ಮುಲಾಮು ಹಚ್ಚಿದ ಮೇಲೆ ತುಂಬ ಕಡಿಮೆಯಾಯಿತು.

ರೇಷ್ಮೆಗೂಡು, ಶಿಡ್ಲಘಟ್ಟ · ಮಂಗಳವಾರ ಬೆಳಿಗ್ಗೆ 5:40

ತಂಗಿ, ನಿನ್ನ ಮಾತು ಓದಿ ಹೆಂಡತಿಗೆ ಓದಿ ಹೇಳಿದೆ. ಇವತ್ತಿನಿಂದ ಪುಸ್ತಕದಲ್ಲಿ ಹಾಗೇ ಬರೆಯುತ್ತೇವೆ. ಇನ್ನೊಂದು. ನನ್ನ ಮೂಗಿನ ಪಕ್ಕದಲ್ಲೂ ಅಂಥ ಗುಳ್ಳೆ ಇವೆ. ಮೊಡವೆ ಅಂದುಕೊಂಡಿದ್ದೆ. ಮಗಳಿಗೆ ಗೊತ್ತಾದ ಮೇಲೆ ನನಗೂ ಟೆಸ್ಟ್ ಮಾಡಿದರು, ನನ್ನಿಂದಲೇ ಹೋಗಿರುವುದು. ನನಗೆ ಒಮ್ಮೆಯೂ ಫಿಟ್ಸ್ ಬಂದಿಲ್ಲ.

ಗುಬ್ಬಿ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 6:20

ಸುಮಾರು ಮೂರರಲ್ಲಿ ಎರಡು ಮಕ್ಕಳಿಗೆ ತಂದೆತಾಯಿಯಿಂದ ಬಂದಿರುವುದಿಲ್ಲ, ಹೊಸದಾಗಿ ಆಗಿರುತ್ತದೆ. ಬಂದಿದ್ದರೂ ಅದು ಯಾರ ತಪ್ಪೂ ಅಲ್ಲ. ಆದರೆ ಎರಡನೇ ಮಗುವಿನ ಯೋಚನೆ ಇರುವವರು ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ನಮ್ಮ ಮನೆಯಲ್ಲಿ "ಸೊಸೆ ಕಡೆಯಿಂದ ಬಂತು" ಅಂತ ನನ್ನ ಹೆಂಡತಿ ಆರು ತಿಂಗಳು ಆ ಹುಡುಗಿಯನ್ನು ನೋಯಿಸಿದಳು. ರಿಪೋರ್ಟ್ ಬಂದ ದಿನ ಕ್ಷಮೆ ಕೇಳಿದಳು.

ಚಿಂತಾಮಣಿ ಅಮ್ಮ · ಮಂಗಳವಾರ ಮಧ್ಯಾಹ್ನ 12:15

ಎಲ್ಲರಿಗೂ ಏನು ಹೇಳಲಿ. ನಿನ್ನೆ ರಾತ್ರಿ ಯಜಮಾನರಿಗೆ ಒಂದೊಂದೇ ಓದಿ ಹೇಳಿದೆ. ಅತ್ತೆಯೂ ಬಾಗಿಲ ಹತ್ತಿರ ಕುಳಿತು ಕೇಳಿಸಿಕೊಂಡರು. ಟೆಸ್ಟ್ ಅಂದರೆ ಆಪರೇಷನ್ ಅಲ್ಲ ಅನ್ನುವ ಮಾತು ಅವರಿಗೆ ತಾಗಿತು. "ಸರಿ, ಮೊದಲು ನೋಡಲಿ" ಅಂದರು.

ಇವತ್ತು ಡಾಕ್ಟರಿಗೆ ಫೋನ್ ಮಾಡಿದೆವು. ವಿಡಿಯೋ ಇಇಜಿಗೆ ಹೆಸರು ಬರೆಸಿಕೊಂಡಿದ್ದಾರೆ. ಅದಕ್ಕೆ ಮೊದಲು ಮುಂದಿನ ಬುಧವಾರ ಒಂದು ಮಾಮೂಲಿ ಇಇಜಿ. ಎವರೋಲಿಮಸ್ ಬಗ್ಗೆ ಅವತ್ತೇ ಮಾತಾಡೋಣ ಅಂದರು. ಕೀಟೋ ನನ್ನ ಕೈಲಿ ಈಗ ಆಗುವುದಿಲ್ಲ, ಮನೆಯಲ್ಲಿ ಅದನ್ನೆಲ್ಲ ಮಾಡುವವಳು ನಾನೊಬ್ಬಳೇ. ಅದನ್ನೂ ಹೇಳಿದೆ, ಅವರು ಬೈಯಲಿಲ್ಲ.

ಕೋಲಾರದ ಸಿಸ್ಟರ್ · ಮಂಗಳವಾರ ಮಧ್ಯಾಹ್ನ 12:40

ಒಳ್ಳೆಯದಾಯಿತು ಅಕ್ಕ. ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ. ಎವರೋಲಿಮಸ್ ಶುರು ಮಾಡುವ ಮೊದಲು ದಡಾರ ರುಬೆಲ್ಲಾ ಲಸಿಕೆ ಎರಡೂ ಡೋಸ್ ಆಗಿದೆಯಾ ನೋಡಬೇಕು. ಆ ಮಾತ್ರೆ ನಡೆಯುವಾಗ ಜೀವಂತ ಲಸಿಕೆ ಕೊಡುವುದಿಲ್ಲ. ಪಲ್ಸ್ ಪೋಲಿಯೋ ಹನಿಯೂ ಜೀವಂತ ಲಸಿಕೆಯೇ. ಬೂತಿನವರು ಮನೆಗೆ ಬಂದರೆ ಈ ಮದ್ದು ನಡೆಯುತ್ತಿದೆ ಅಂತ ಹೇಳಿ, ಡಾಕ್ಟರನ್ನು ಕೇಳದೆ ಹಾಕಿಸಬೇಡಿ.

ಮನೆಯಲ್ಲಿ ಮಿಡಜೋಲಾಮ್ ಮೂಗಿನ ಸ್ಪ್ರೇ ಇದೆಯಾ? ಇಲ್ಲದಿದ್ದರೆ ತೂಕಕ್ಕೆ ತಕ್ಕಂತೆ ಎಷ್ಟು ಅಂತ ಬರೆಸಿಕೊಳ್ಳಿ. ಫಿಟ್ಸ್ ಐದು ನಿಮಿಷ ದಾಟಿದರೆ ಅದು ಕೊಟ್ಟು 108ಕ್ಕೆ ಫೋನ್ ಮಾಡಬೇಕು. ಅತ್ತೆಗೂ ಕಲಿಸಿ. ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಟ್ಟು ಸಮಯ ಕಳೆಯಬೇಡಿ.

ಮಾಲೂರು ಮನೆ · ಮಂಗಳವಾರ ಮಧ್ಯಾಹ್ನ 1:05

ಖರ್ಚಿಗೆ ಸಹಾಯ ಸಿಗುವ ವಿಷಯ ಯಾರೂ ಹೇಳಲಿಲ್ಲ. ಬಿಪಿಎಲ್ ಕಾರ್ಡ್, ಆಧಾರ್ ತಗೊಂಡು ಹೋಗಿ, ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಡೆಸ್ಕಿನಲ್ಲಿ ಕೇಳಿ. ಆಟಿಸಂ ಅಥವಾ ಬುದ್ಧಿ ಬೆಳವಣಿಗೆ ಕಡಿಮೆ ಅಂತ ಸರ್ಟಿಫಿಕೇಟ್ ಇದ್ದರೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ಇದೆ, ವರ್ಷಕ್ಕೆ 1 ಲಕ್ಷದವರೆಗೆ. ಥೆರಪಿಗೂ ಅದರಲ್ಲಿ ಒಂದು ಪಾಲು ಸಿಗುತ್ತದೆ. ಅದಕ್ಕೆ ಮೊದಲು ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಮಾಡಿಸಿ.

ಪಾವಗಡ ಬಿಸಿಲು · ಮಂಗಳವಾರ ಮಧ್ಯಾಹ್ನ 1:30

ಭಾವಮೈದನಿಗೆ ಎಣ್ಣೆ ಬೇಡ ಅಂದೆ. ಮಗಳನ್ನು ಶುಕ್ರವಾರ ತುಮಕೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ, ಸ್ಪೀಚ್ ಥೆರಪಿಗೆ. ಸಿಸ್ಟರ್, ಏನಾದರೂ ಇದ್ದರೆ ಇಲ್ಲೇ ಕೇಳುತ್ತಾ ಇರುತ್ತೇನೆ.

ಚಿಂತಾಮಣಿ ಅಮ್ಮ · ಮಂಗಳವಾರ ಸಂಜೆ 7:40

ಬುಧವಾರದ ಇಇಜಿಗೆ ನಿದ್ದೆಗೆಡಿಸಿ ಕರೆತನ್ನಿ ಅಂದಿದ್ದಾರೆ. ಬೆಳಗಿನ ಜಾವ ನಾಲ್ಕಕ್ಕೇ ಎಬ್ಬಿಸಬೇಕಂತೆ. ಚಿಂತಾಮಣಿಯಿಂದ ಬೆಂಗಳೂರು ತಲುಪುವವರೆಗೂ ಮಲಗಲು ಬಿಡಬಾರದು. ಬಸ್ಸು ಹತ್ತಿದರೆ ಸಾಕು ಅವನಿಗೆ ನಿದ್ದೆ. ಏನು ಮಾಡುವುದು?

ತಿಪಟೂರು ಕಲ್ಪತರು · ಮಂಗಳವಾರ ಸಂಜೆ 7:55

ಕಿಟಕಿ ಪಕ್ಕ ಕೂರಿಸಿ, ಗಾಳಿ ಬೀಳಲಿ. ಒದ್ದೆ ಬಟ್ಟೆಯಲ್ಲಿ ಮುಖ ಒರೆಸುತ್ತಾ ಇರಿ. ಇಬ್ಬರು ಹೋಗಿ, ಒಬ್ಬರಿಂದ ಆಗುವುದಿಲ್ಲ. ನಿದ್ದೆಗೆಟ್ಟರೆ ಫಿಟ್ಸ್ ಬರಬಹುದು, ಸ್ಪ್ರೇ ಕೈಯಲ್ಲೇ ಇರಲಿ. ಬೆಳಗಿನ ಮಾತ್ರೆ ಕೊಡಬೇಕಾ ಅಂತ ಮೊದಲೇ ಕೇಳಿಕೊಳ್ಳಿ.

ಶ್ರೀನಿವಾಸಪುರ ಮಾವು · ಮಂಗಳವಾರ ರಾತ್ರಿ 8:10

ಹಿಂದಿನ ದಿನ ತಲೆಗೆ ಸ್ನಾನ ಮಾಡಿಸಿ. ಎಣ್ಣೆ ಮಾತ್ರ ಹಚ್ಚಬೇಡಿ, ವೈರು ಅಂಟುವುದಿಲ್ಲ. ನಾವು ಹಚ್ಚಿಕೊಂಡು ಹೋಗಿ ಅಲ್ಲೇ ನಲ್ಲಿ ಕೆಳಗೆ ತೊಳೆದಿದ್ದೆವು.

ಚಿಂತಾಮಣಿ ಅಮ್ಮ · ಮಂಗಳವಾರ ರಾತ್ರಿ 8:20

ಅತ್ತೆ ದಿನಾ ಹರಳೆಣ್ಣೆ ಹಚ್ಚುತ್ತಾರೆ. ಈಗಲೇ ಹೇಳಿದೆ. ಬುಧವಾರ ಅವರೇ ಜೊತೆಗೆ ಬರುತ್ತಾರಂತೆ, ಹಾಡು ಹೇಳಿ ಎಚ್ಚರ ಇಡುತ್ತೇನೆ ಅಂದಿದ್ದಾರೆ.